ನೀರು ಪಳಗುವ ತನಕ

ಮೂವತ್ತಾರು ದಿನ ನಮ್ಮ ಹಾಲಿನಲ್ಲಿ ಒಂದು ಖಾಲಿ ಗಾಜಿನ ತೊಟ್ಟಿ ಕೂತಿತ್ತು. ಖಾಲಿ ಅಂದರೆ ಮೀನಿಲ್ಲ, ಅಷ್ಟೆ. ನೀರಿತ್ತು, ಮರಳಿತ್ತು, ಬೂದು ಬಣ್ಣದ ನಾಲ್ಕು ಕಲ್ಲಿದ್ದವು, ಮೂಲೆಯಲ್ಲಿ ಅಂಗೈಯಗಲದ ವೇವ್‌ಮೇಕರ್ ಒಂದು ಗುರ್ರೆನ್ನುತ್ತಾ ನೀರು ತಳ್ಳುತ್ತಿತ್ತು. ದೀಪವನ್ನೂ ಹಾಕುತ್ತಿರಲಿಲ್ಲ. ಎದುರು ಮನೆಯ ಹುಡುಗ ಶಾಲೆಯಿಂದ ಬಂದವನೇ ಗಾಜಿಗೆ ಮೂಗು ಒತ್ತಿ, 'ಇವತ್ತೂ ಬಂದಿಲ್ವಾ ಅಂಕಲ್?' ಎಂದು ಕೇಳಿ ಹೋಗುತ್ತಿದ್ದ. ಅಮ್ಮನ ತಾಳ್ಮೆ ಎರಡನೇ ವಾರಕ್ಕೇ ಮುಗಿಯಿತು. 'ಬರೀ ಉಪ್ಪುನೀರಿಗೆ ಇಷ್ಟು ಕರೆಂಟು ಸುಡ್ತಿದೀಯಲ್ಲೋ, ಮೀನು ತರೋ ಯೋಚನೆ ಇದೆಯೋ ಇಲ್ವೋ?'

ಇತ್ತು. ಆದರೆ ಅಷ್ಟರಲ್ಲಿ ನಾನು ಬೇರೆಯೇ ಜೀವಿಯನ್ನು ಸಾಕುತ್ತಿದ್ದೆ. ಅದು ಕಣ್ಣಿಗೆ ಬೀಳುವಂಥದ್ದಲ್ಲ, ಆದ್ದರಿಂದ ಅಮ್ಮನಿಗೆ ತೋರಿಸುವ ಹಾಗೂ ಇರಲಿಲ್ಲ.

ಹೊಸ ಕಾವಲಿ ತಂದ ದಿನವೇ ಯಾರೂ ಅದರ ಮೇಲೆ ದೋಸೆ ಹುಯ್ಯುವುದಿಲ್ಲ. ಎಣ್ಣೆ ಸವರಿ, ಕಾಯಿಸಿ, ಈರುಳ್ಳಿ ಉಜ್ಜಿ, ನಾಲ್ಕಾರು ದಿನ ಪಳಗಿಸುತ್ತೇವೆ. ಸಮುದ್ರದ ಮೀನಿನ ತೊಟ್ಟಿಗೂ ಇದೇ ಮಾತು ಸಲ್ಲುತ್ತದೆ. ಈ ಹವ್ಯಾಸದವರು ಇದನ್ನು 'ಸೈಕ್ಲಿಂಗ್' ಎನ್ನುತ್ತಾರೆ. ನನಗೇನೋ ಪಳಗಿಸುವುದು ಎಂಬ ಮಾತೇ ಸರಿ ಅನ್ನಿಸುತ್ತದೆ.

ಮೀನು ಉಸಿರಾಡುವಾಗಲೇ ಕಿವಿರಿನಿಂದ ಅಮೋನಿಯ ಹೊರಬರುತ್ತದೆ. ತಿನ್ನದೆ ಬಿಟ್ಟ ಆಹಾರ, ಹಿಕ್ಕೆ ಕೊಳೆತಾಗಲೂ ಹುಟ್ಟುವುದು ಅದೇ. ಕಡಲಿನಲ್ಲಿ ಅದು ಲೆಕ್ಕಕ್ಕೇ ಬಾರದು. ಅರವತ್ತು ಎಪ್ಪತ್ತು ಲೀಟರಿನ ತೊಟ್ಟಿಯಲ್ಲಿ ಮಾತ್ರ ನಾಲ್ಕು ದಿನದಲ್ಲಿ ವಿಷ. ಈ ಅಮೋನಿಯವನ್ನು ತಿಂದು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಗಳಿವೆ. ಆ ನೈಟ್ರೈಟನ್ನು ತಿಂದು ನೈಟ್ರೇಟ್ ಮಾಡುವ ಇನ್ನೊಂದು ಪಂಗಡವಿದೆ. ಕೊನೆಯದರಿಂದ ಮೀನಿಗೆ ಅಷ್ಟೇನೂ ತೊಂದರೆಯಿಲ್ಲ, ಆಗಾಗ ನೀರು ಬದಲಿಸಿದರೆ ಹೋಗುತ್ತದೆ. ಹೊಲದ ಮಣ್ಣಿನಲ್ಲೂ ನಡೆಯುವ ಈ ಎರಡು ಹಂತದ ಕೆಲಸವನ್ನು 1890ರ ಸುಮಾರಿಗೆ ಬಿಡಿಸಿ ತೋರಿಸಿದವನು ರಷ್ಯದ ಸೆರ್ಗೈ ವಿನೊಗ್ರಾಡ್‌ಸ್ಕಿ. ಈ ಬ್ಯಾಕ್ಟೀರಿಯಗಳು ಮಹಾ ನಿಧಾನಸ್ಥವು. ಹಾಲು ಹುಳಿಸುವ ಜಾತಿಯವು ಗಂಟೆಯೊಳಗೆ ಇಮ್ಮಡಿಯಾದರೆ, ಇವಕ್ಕೆ ಅರ್ಧ ದಿನ, ಒಂದು ದಿನ, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಕಲ್ಲು, ಮರಳು, ಫಿಲ್ಟರಿನ ಸ್ಪಂಜು, ಎಲ್ಲದರ ಮೇಲೆ ಇವು ಪಾಚಿಯಂತೆ ಅಂಟಿ ಕೂತು ಸಂಸಾರ ಕಟ್ಟುವ ಹೊತ್ತಿಗೆ ನಾಲ್ಕು, ಐದು, ಒಮ್ಮೊಮ್ಮೆ ಆರು ವಾರ. ಆ ಮೊದಲೇ ಮೀನು ಬಿಟ್ಟರೆ ಅದು ತನ್ನ ಉಚ್ಚೆಯಲ್ಲಿ ತಾನೇ ಬೇಯುತ್ತದೆ.

ಸಿಹಿನೀರಿನಲ್ಲಿ ಈ ತಪ್ಪಿಗೆ ಸ್ವಲ್ಪ ಮಾಫಿಯಿದೆ, ಉಪ್ಪುನೀರಿನಲ್ಲಿ ಇಲ್ಲ. ಕಾರಣ ಪಿಎಚ್. ಅಮೋನಿಯ ನೀರಿನಲ್ಲಿ ಎರಡು ವೇಷದಲ್ಲಿರುತ್ತದೆ, ಒಂದು ಸಾಧು, ಇನ್ನೊಂದು ಕೊಲೆಗಡುಕ. ಪಿಎಚ್ 7 ಇರುವ ನೀರಿನಲ್ಲಿ ಕೊಲೆಗಡುಕನ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಡಲ ನೀರಿನ ಪಿಎಚ್ 8.2ರ ಹತ್ತಿರ, ಅಲ್ಲಿ ಅವನ ಪಾಲು ಹತ್ತುಪಟ್ಟಿಗೂ ಮೀರಿ ಏರುತ್ತದೆ. ನೈಟ್ರೈಟಿನದು ಇದಕ್ಕೆ ಉಲ್ಟಾ. ಉಪ್ಪಿನಲ್ಲಿರುವ ಕ್ಲೋರೈಡು ಕಿವಿರಿನ ಬಾಗಿಲಲ್ಲೇ ಅದನ್ನು ಅಡ್ಡಗಟ್ಟುವುದರಿಂದ ಕಡಲ ಮೀನು ಅದನ್ನು ಹೆಚ್ಚು ತಡೆದುಕೊಳ್ಳುತ್ತದೆ.

ನಾನು ಮೊದಲು ವಿಚಾರಿಸಿದ ಅಂಗಡಿಯವರ ಹತ್ತಿರ ಈ ಕಥೆಯೆಲ್ಲ ಇರಲಿಲ್ಲ. 'ಇವತ್ತು ಟ್ಯಾಂಕ್ ಸೆಟ್ ಮಾಡಿ ಸಾರ್, ನಾಳೆ ಎರಡು ಡ್ಯಾಮ್ಸೆಲ್ ಬಿಡಿ. ಗಟ್ಟಿ ಮೀನು. ಅವು ಸತ್ರೆ ಇನ್ನೆರಡು ಬಿಡಿ, ಅಷ್ಟೊತ್ತಿಗೆ ನೀರು ಸೆಟ್ ಆಗುತ್ತೆ' ಎಂದರು. ನೀರು ಸರಿಯಿದೆಯೇ ಎಂದು ನೋಡಲು ಮೀನನ್ನು ಬಲಿ ಕೊಡುವ ಈ ಪದ್ಧತಿ ಜಗತ್ತಿನಾದ್ಯಂತ ದಶಕಗಳ ಕಾಲ ನಡೆದದ್ದೇ. ಬದುಕಿ ಉಳಿದ ಡ್ಯಾಮ್ಸೆಲ್ ಇನ್ನೊಂದು ತಲೆನೋವು: ಇಡೀ ತೊಟ್ಟಿ ತನ್ನ ಜಹಗೀರು ಎಂದುಕೊಂಡು ಆಮೇಲೆ ಬಂದವರ ಬಾಲ ಕಚ್ಚುತ್ತದೆ.

ಕಡಿಮೆ ದುಡ್ಡಿನಲ್ಲಿ ಆಗುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಆಗುತ್ತದೆ, ಆದರೆ ಸಿಹಿನೀರಿನಷ್ಟು ಕಡಿಮೆಯಲ್ಲಿ ಆಗುವುದಿಲ್ಲ. ಮೀನು ಬಿಟ್ಟು ನನಗೆ ತಗುಲಿದ್ದು 16 ಸಾವಿರ ಚಿಲ್ಲರೆ. ತೊಟ್ಟಿ ಎರಡಡಿ ಉದ್ದ, ಒಂದೂಕಾಲಡಿ ಅಗಲ, ಅಷ್ಟೇ ಎತ್ತರ. ಗಾಜಿನಂಗಡಿಯಲ್ಲೇ ಅಂಟಿಸಿಕೊಟ್ಟದ್ದು. ಅಂಚಿನವರೆಗೆ ತುಂಬಿದರೆ 88 ಲೀಟರು. ಮೇಲೆ ಎರಡಂಗುಲ ಬಿಟ್ಟು, ಕಲ್ಲು ಮರಳು ಕಳೆದರೆ ನಿಜವಾದ ನೀರು 65 ಲೀಟರು. ಇದಕ್ಕಿಂತ ಸಣ್ಣದು ಅಗ್ಗ ಎಂದು ಕಾಣುತ್ತದೆ, ಅಲ್ಲೇ ಮೋಸ ಹೋಗುವುದು. ನೀರು ಕಡಿಮೆಯಾದಷ್ಟೂ ಬಿಸಿ, ಉಪ್ಪು, ವಿಷ ಎಲ್ಲವೂ ಬೇಗ ಏರಿಳಿಯುತ್ತವೆ. ಎಲ್ಲ ಸೇರಿ ನೂರು ಕಿಲೋ ದಾಟುವುದರಿಂದ ಟೀಪಾಯಿಯ ಮೇಲೆ ಇಡುವ ಮಾತಿಲ್ಲ. ಅಡುಗೆಮನೆ ಕಟ್ಟೆಗೆಂದು ತಂದು ಉಳಿದಿದ್ದ ಗ್ರಾನೈಟ್ ತುಂಡು, ಕಬ್ಬಿಣದ ಸ್ಟ್ಯಾಂಡು, ನಡುವೆ ಥರ್ಮಾಕೋಲ್ ಹಾಳೆ ನನ್ನ ತೊಟ್ಟಿಯನ್ನು ಹೊತ್ತಿವೆ. ಬೆನ್ನಿಗೆ ನೇತುಹಾಕುವ ಫಿಲ್ಟರು, ವೇವ್‌ಮೇಕರ್, ಸಾಧಾರಣ ಎಲ್‌ಇಡಿ ದೀಪ, ನೂರು ವಾಟಿನ ಹೀಟರು. ಬೆಂಗಳೂರಿನ ಜನವರಿ ರಾತ್ರಿಗೆ ಹೀಟರು ಬೇಕೇ ಬೇಕು. ನೀರು 25 ಡಿಗ್ರಿಯ ಆಸುಪಾಸು ನಿಲ್ಲಬೇಕು. ಮಂಗಳೂರಿನವರಿಗೆ ಅದರ ಗೋಜಿಲ್ಲ, ಅವರಿಗೆ ಏಪ್ರಿಲ್‌ನಲ್ಲಿ ನೀರು ತಣ್ಣಗಿಡುವುದೇ ಕಷ್ಟ. ನೊರೆಯಲ್ಲಿ ಕೊಳೆ ಎತ್ತುವ ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರವನ್ನು ತಗೊಳ್ಳಲೇಬೇಕೆಂದು ಹೇಳುತ್ತಾರೆ. ಇಷ್ಟು ಸಣ್ಣ ತೊಟ್ಟಿಗೆ ವಾರಕ್ಕೊಮ್ಮೆ ಎಂಟು ಲೀಟರು ನೀರು ಬದಲಿಸಿದರೆ ಸಾಕು, ಆ ದುಡ್ಡು ಉಳಿಯಿತು.

ಜಿಪುಣತನ ಮಾಡಬಾರದ ಜಾಗಗಳು ಮೂರು: ನೀರು, ಉಪ್ಪು, ಅಳತೆ.

ನಲ್ಲಿಯಲ್ಲಿ ಬರುವ ಕಾವೇರಿಯಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ಲಿನಲ್ಲಿ ಏನೇನಿರುತ್ತದೆ ಎಂದು ಹೇಳಲಾಗದು. ಆರ್‌ಒ ನೀರೇ ಗತಿ. ಆದರೆ ಮನೆಯ ಪ್ಯೂರಿಫೈಯರ್ ಕೊಡುವುದು ಕುಡಿಯುವ ನೀರು. ರುಚಿಗೆಂದು ಒಂದಿಷ್ಟು ಲವಣ ಅದರಲ್ಲಿ ಉಳಿಸಿರುತ್ತಾರೆ. ನಮ್ಮ ಮನೆಯ ನೀರಿಗೆ, ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನು ಅದ್ದಿದರೆ 60 ತೋರಿಸಿತು. ಬೇಕಾದದ್ದು ಸೊನ್ನೆ. ಹೊರಬರುವ ಕೊಳವೆಗೆ ಡಿಐ ರೆಸಿನ್ ತುಂಬಿದ ಒಂದು ಕಾರ್ಟ್ರಿಜ್ ಜೋಡಿಸಿದ ಮೇಲೆ ಸೊನ್ನೆಗೆ ಬಂತು. ಇದನ್ನು ಬಿಟ್ಟವರ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಕಂದು ಪಾಚಿ ಕುಣಿಯುತ್ತದೆ, ನೀರಿನಲ್ಲಿ ಉಳಿದ ಸಿಲಿಕೇಟ್ ಅದಕ್ಕೆ ಮೃಷ್ಟಾನ್ನ.

ಉಪ್ಪಿನ ವಿಚಾರಕ್ಕೆ ನನಗೆ ಬಂದ ಸಲಹೆಗಳು ಒಂದೆರಡಲ್ಲ. 'ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಸಮುದ್ರದ ನೀರನ್ನೇ ಒಣಗಿಸಿ ಉಪ್ಪು ಮಾಡ್ತಾರಲ್ಲ, ಅದನ್ನೇ ತಂದು ಕರಗಿಸಿದ್ರೆ ಮತ್ತೆ ಸಮುದ್ರ ಆಗಲ್ವಾ?' ಎಂದು ಕೇಳಿದವರು ನನ್ನ ಗೆಳೆಯರೊಬ್ಬರು, ಅದೂ ವಿಜ್ಞಾನದ ಮೇಷ್ಟ್ರು. ಒಳ್ಳೆಯ ಪ್ರಶ್ನೆ. ಆಗುವುದಿಲ್ಲ. ಗದ್ದೆಯಲ್ಲಿ ನೀರು ಬತ್ತುತ್ತಾ ಹೋದಂತೆ ಮೊದಲು ಸುಣ್ಣ ತಳ ಸೇರುತ್ತದೆ, ಆಮೇಲೆ ಜಿಪ್ಸಮ್, ಅದಾದ ಮೇಲೆ ನಮ್ಮ ಅಡುಗೆಯ ಉಪ್ಪು. ಮೆಗ್ನೀಸಿಯಮ್, ಪೊಟ್ಯಾಸಿಯಮ್ ಎಲ್ಲ ಕೊನೆಗೆ ಉಳಿಯುವ ಕಹಿ ನೀರಿನಲ್ಲೇ ಹೋಗುತ್ತವೆ. ಕೈಗೆ ಸಿಗುವ ಹರಳು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡು. ನಿಜವಾದ ಕಡಲ ನೀರಿನ ಒಂದು ಲೀಟರಿನಲ್ಲಿ 1,300 ಮಿಲಿಗ್ರಾಂನಷ್ಟು ಮೆಗ್ನೀಸಿಯಮ್, 400 ಮಿಲಿಗ್ರಾಂ ದಾಟಿ ಕ್ಯಾಲ್ಸಿಯಂ, ಜೊತೆಗೆ ಪಿಎಚ್ಚನ್ನು ಹಿಡಿದು ನಿಲ್ಲಿಸುವ ಬೈಕಾರ್ಬೊನೇಟ್ ಇರುತ್ತದೆ. ಇದನ್ನೆಲ್ಲ ಅಳೆದು ಬೆರೆಸಿದ ಮರೈನ್ ಸಾಲ್ಟ್ ಮಿಕ್ಸ್‌ಗೆ ಪರ್ಯಾಯವಿಲ್ಲ. ನನ್ನ ತೊಟ್ಟಿಗೆ ಹಿಡಿದದ್ದು ಸುಮಾರು ಎರಡೂವರೆ ಕಿಲೋ.

ಹಾಗಾದರೆ ಸಮುದ್ರದ ನೀರನ್ನೇ ತಂದರೆ? ಅದನ್ನೂ ಮಾಡಿ ನೋಡಿದೆ. ಉಳ್ಳಾಲದಿಂದ ಬರುವ ಸಂಬಂಧಿಯೊಬ್ಬರು ಎರಡು ಕ್ಯಾನು ತುಂಬಿಸಿ ತಂದರು. ತಿಂಗಳು ಆಗಸ್ಟ್. ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನ ಗಾಜಿನ ಮೇಲೆ ಎರಡು ಹನಿ ಬಿಟ್ಟು ಬೆಳಕಿಗೆ ಹಿಡಿದರೆ ಗೆರೆ ಸಾವಿರಕ್ಕೆ 27ರಲ್ಲಿ ನಿಂತಿದೆ, ಇರಬೇಕಾದದ್ದು 35. 'ಮಳೆಗಾಲದಲ್ಲಿ ನೇತ್ರಾವತಿ ಬಂದು ಸೇರುವ ಜಾಗದ ನೀರು ಚಪ್ಪೆ ಆಗದೆ ಇರ್ತದಾ ಮಾರಾಯ?' ಎಂದು ಅವರು ನಕ್ಕರು. ಚಪ್ಪೆಯಷ್ಟೇ ಆಗಿದ್ದರೆ ಉಪ್ಪು ಸೇರಿಸಬಹುದಿತ್ತು. ಅಳಿವೆಬಾಯಿಯ ನೀರಿನಲ್ಲಿ ಊರಿನ ಕೊಳಕೂ ಇರುತ್ತದೆ. ಕರಾವಳಿಯಲ್ಲಿದ್ದು, ದೋಣಿಯಲ್ಲಿ ಹೊರಗಿನ ತಿಳಿನೀರು ಬೇಸಿಗೆಯಲ್ಲಿ ತರಿಸಿಕೊಳ್ಳಬಲ್ಲವರಿಗೆ ಇದು ಒಳ್ಳೆಯ ದಾರಿ. ಘಟ್ಟದ ಮೇಲಿನವರಿಗೆ ಪ್ಯಾಕೆಟ್ಟೇ ಅಗ್ಗ.

ಆ ರಿಫ್ರಾಕ್ಟೋಮೀಟರು ಸರಿಯಾಗಿ ತೋರಿಸುತ್ತಿದೆಯೇ ಎಂದು ಪರೀಕ್ಷಿಸಲು ದ್ರಾವಣ ಮಾರುತ್ತಾರೆ. ಅದನ್ನು ಮನೆಯಲ್ಲೇ ಮಾಡಬಹುದು. 963.5 ಗ್ರಾಂ ಶುದ್ಧ ನೀರಿಗೆ 36.5 ಗ್ರಾಂ ಅಡುಗೆ ಉಪ್ಪು. ಬೆಳಕನ್ನು ಬಾಗಿಸುವುದರಲ್ಲಿ ಇದು 35ರ ಕಡಲ ನೀರಿಗೆ ಸರಿಸಮ. ಗೆರೆ 35ಕ್ಕೆ ಬರುವ ಹಾಗೆ ತಿರುಪು ತಿರುಗಿಸಿದರೆ ಮುಗಿಯಿತು. ಅಡುಗೆ ಉಪ್ಪಿಗೆ ಈ ಹವ್ಯಾಸದಲ್ಲಿರುವ ಏಕೈಕ ಉದ್ಯೋಗ ಇದು.

ಕಲ್ಲಿನ ಮಾತಿಗೆ ಬಂದರೆ ಒಂದು ಎಚ್ಚರಿಕೆ. ವಿದೇಶದ ವಿಡಿಯೊ ನೋಡಿದವರು 'ಲೈವ್ ರಾಕ್' ಕೇಳಿಕೊಂಡು ಹೋಗುತ್ತಾರೆ. ಅದು ಹವಳದ ದಿಬ್ಬದಿಂದ ಕಿತ್ತ, ಜೀವಜಾಲ ತುಂಬಿದ ಕಲ್ಲು. ನಮ್ಮಲ್ಲಿ 2001ರಲ್ಲೇ ಹವಳಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಯ ಸಾಲಿಗೆ ಸೇರಿಸಿದ್ದಾರೆ. ಕಡಲ್ಗುದುರೆಗೂ ಅಂಥದ್ದೇ ರಕ್ಷಣೆ ಇದೆ. ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿಯ ನೀರಿಗೆ ಧುಮುಕಿ ಹವಳ ನೋಡಿ ಬನ್ನಿ, ತುಂಡನ್ನೂ ತರಬೇಡಿ. ಸತ್ತ ಹವಳಕ್ಕೂ ಕಾನೂನು ಅದೇ. ಅಂಗಡಿಯವರು ಗುಟ್ಟಾಗಿ ಕೊಟ್ಟರೂ ಬೇಡ. ನಾನು ತೂತು ತೂತಾದ ಸೆರಾಮಿಕ್ ಕಲ್ಲು ತಂದೆ. ಬ್ಯಾಕ್ಟೀರಿಯಕ್ಕೆ ಬೇಕಾದದ್ದು ಅಂಟಿಕೊಳ್ಳಲು ಜಾಗ, ಕುಲಗೋತ್ರವನ್ನು ಅದು ಕೇಳುವುದಿಲ್ಲ. ಬೀಚಿನ ಮರಳೂ ಬೇಡ, ಅದರಲ್ಲಿ ಕಬ್ಬಿಣದ ಪುಡಿಯಿಂದ ಹಿಡಿದು ಡೀಸೆಲ್‌ವರೆಗೆ ಏನೂ ಇರಬಹುದು.

ಕಲ್ಲು ಸತ್ತದ್ದಾದರೆ ಬ್ಯಾಕ್ಟೀರಿಯ ಎಲ್ಲಿಂದ ಬರಬೇಕು? ಮೊಸರಿಗೆ ಹೆಪ್ಪು ತರುವ ಕಡೆಯಿಂದಲೇ, ಅಂದರೆ ಪಕ್ಕದ ಮನೆಯಿಂದ. ಗೆಳೆಯನ ಹಳೆಯ ತೊಟ್ಟಿಯ ಫಿಲ್ಟರಿನಿಂದ ಒಂದು ಹಿಡಿ ಸೆರಾಮಿಕ್ ಉಂಗುರಗಳನ್ನು ಒದ್ದೆಯಾಗಿಯೇ ಡಬ್ಬಿಯಲ್ಲಿ ತಂದು ನನ್ನ ಫಿಲ್ಟರಿಗೆ ಸುರಿದೆ. ಅವನ ತೊಟ್ಟಿಯಲ್ಲಿ ರೋಗವಿದ್ದರೆ ಅದೂ ಉಚಿತವಾಗಿ ಬರುತ್ತದೆ. ಕಡಲ ಮೀನಿನ ಬಿಳಿ ಚುಕ್ಕಿ ರೋಗ ಸಾಮಾನ್ಯದ್ದಲ್ಲ. ಹಾಗಾಗಿ ಯಾರ ಮನೆಯ ಹೆಪ್ಪು ಎಂದು ನೋಡಿ ತರಬೇಕು. ಯಾರೂ ಇಲ್ಲದವರಿಗೆ ಬಾಟಲಿಯಲ್ಲಿ ಬ್ಯಾಕ್ಟೀರಿಯ ಸಿಗುತ್ತದೆ. ಬಿಸಿಲಲ್ಲಿ ಸಾಗಿಸಿದ ಬಾಟಲಿಯಲ್ಲಿ ಎಷ್ಟು ಬದುಕಿರುತ್ತವೆ ಎಂಬುದು ಅವರವರ ಅದೃಷ್ಟ.

ಇನ್ನು ಇವಕ್ಕೆ ಊಟ. ಮೀನಿಲ್ಲದೆ ಅಮೋನಿಯ ಎಲ್ಲಿಂದ? ಒಂದು ಹಸಿ ಸಿಗಡಿಯನ್ನು ಕೊಳೆಯಲು ಬಿಡುವವರಿದ್ದಾರೆ. ನಮ್ಮ ಮನೆಯ ಹಾಲಿನಲ್ಲಿ ಸಿಗಡಿ ಕೊಳೆಸಿದ್ದರೆ ತೊಟ್ಟಿಯ ಜೊತೆ ನಾನೂ ಹೊರಗೆ. ನನಗೆ ದಾರಿ ತೋರಿಸಿದ್ದು ಬಾಲ್ಯದ ಒಂದು ನೆನಪು. ಬೀದಿಗೆ ಕಲಾಯಿಯವರು ಬಂದರೆ ನಾವು ಹುಡುಗರು ತಿದಿಯ ಸುತ್ತ ಕೂರುತ್ತಿದ್ದೆವು. ಕೆಂಡದ ಮೇಲೆ ಕಾದ ಹಿತ್ತಾಳೆ ಪಾತ್ರೆಗೆ ತವರ ತಾಗಿಸಿ, ಒಂದು ಚಿಟಿಕೆ ಬಿಳಿ ಪುಡಿ ಎರಚಿದರೆ ಭುಸ್ಸೆಂದು ಹೊಗೆಯೇಳುತ್ತಿತ್ತು, ಮೂಗು ಉರಿಯುತ್ತಿತ್ತು, ಅರಳೆಯಿಂದ ಒಂದು ಸುತ್ತು ಒರೆಸಿದರೆ ಪಾತ್ರೆ ಬೆಳ್ಳಿ. ಆ ಪುಡಿ ನವಸಾಗರ. ರಸಾಯನಶಾಸ್ತ್ರದಲ್ಲಿ ಅಮೋನಿಯಂ ಕ್ಲೋರೈಡು. ತೊಟ್ಟಿಗೆ ಬೇಕಾದದ್ದೂ ಅದೇ! ಕಲಾಯಿಯ ನವಸಾಗರದಲ್ಲಿ ಏನು ಬೆರೆತಿದೆಯೋ ಗೊತ್ತಿಲ್ಲವಾದ್ದರಿಂದ ಲ್ಯಾಬೊರೇಟರಿ ಕೆಮಿಕಲ್ಸ್ ಮಾರುವ ಅಂಗಡಿಯಿಂದ ಶುದ್ಧವಾದದ್ದನ್ನು ತಂದೆ. ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯ ಆಗಬೇಕಾದರೆ 65 ಲೀಟರಿಗೆ ಬೇಕಾದ ನವಸಾಗರ 0.4 ಗ್ರಾಂ. ಒಂದು ಚಿಟಿಕೆ. ತಂದ ಡಬ್ಬಿ ನನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯುವುದಿಲ್ಲ. ಹೆಚ್ಚು ಹಾಕಿದರೆ ಬೇಗ ಆಗುತ್ತದೆಂದು ನಾಲ್ಕೈದು ಚಿಟಿಕೆ ಹಾಕುವವರಿದ್ದಾರೆ. ಅತಿಯಾದರೆ ಬ್ಯಾಕ್ಟೀರಿಯಗಳೇ ತಿಣುಕುತ್ತವೆ.

ಮೊದಲ ಎಂಟು ದಿನ ಏನೂ ಆಗಲಿಲ್ಲ. ಸಂಜೆ ಪರೀಕ್ಷಾ ಕೊಳವೆಗೆ ನೀರು ಹಿಡಿದು ಅಮೋನಿಯ ಟೆಸ್ಟ್ ಕಿಟ್ಟಿನ ಹನಿ ಹಾಕಿದರೆ ಅದೇ ಹಸಿರು, ಅಂದರೆ ಹಾಕಿದ ಅಮೋನಿಯ ಹಾಗೇ ಇದೆ. ಒಂಬತ್ತನೆಯ ದಿನ ಹಸಿರು ತುಸು ಹಳದಿಗೆ ತಿರುಗಿದ ಹಾಗೆ ಕಂಡಿತು. ಕಿಟಕಿಯ ಬೆಳಕಿಗೆ ಹಿಡಿದೆ, ಟ್ಯೂಬ್‌ಲೈಟಿಗೆ ಹಿಡಿದೆ, ಎದುರು ಮನೆಯ ಹುಡುಗನನ್ನು ಕರೆದು ಕೇಳಿದೆ. 'ನಿಂಬೆಹಣ್ಣಿನ ಕಲರ್' ಎಂದ. ನೈಟ್ರೈಟ್ ಕೊಳವೆ ತಿಳಿನೀಲಿ ಬಿಟ್ಟು ನೇರಳೆಗೆ ಹೊರಟಿತ್ತು. ಹದಿನೆಂಟನೆಯ ದಿನದ ಹೊತ್ತಿಗೆ ಸಂಜೆ ಹಾಕಿದ ಚಿಟಿಕೆ ಮರುದಿನ ಸಂಜೆಗೆ ಮಾಯ. ನೈಟ್ರೈಟ್ ಮಾತ್ರ ನೇರಳೆಹಣ್ಣಿನ ಬಣ್ಣದಲ್ಲಿ ಎರಡು ವಾರ ಜಪ್ಪಯ್ಯ ಅನ್ನಲಿಲ್ಲ. ಎಲ್ಲರೂ ಕೈಚೆಲ್ಲುವುದು ಈ ಹಂತದಲ್ಲೇ. ಎರಡನೇ ಪಂಗಡದ ಬ್ಯಾಕ್ಟೀರಿಯ ಮೊದಲನೆಯದಕ್ಕಿಂತ ಸೋಮಾರಿ. ಮೊದಲಿನವರು ಬಡಿಸಿದ ಮೇಲೆ ತಾನೇ ಅವು ಎಲೆಯ ಮುಂದೆ ಕೂರುವುದು? ಮೂವತ್ತೊಂದನೆಯ ದಿನ ಬೆಳಿಗ್ಗೆ ನೋಡಿದರೆ ಕೊಳವೆ ತಿಳಿನೀಲಿ. ರಾತ್ರೋರಾತ್ರಿ ಇಳಿದಿತ್ತು. ಇನ್ನೈದು ದಿನ ಚಿಟಿಕೆ ಹಾಕಿ, ಇಪ್ಪತ್ತನಾಲ್ಕು ಗಂಟೆಯಲ್ಲಿ ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಯಾಗುವುದನ್ನು ಖಾತ್ರಿ ಮಾಡಿಕೊಂಡು, ಸೇರಿದ್ದ ನೈಟ್ರೇಟ್ ಹೋಗಲೆಂದು ಅರ್ಧ ನೀರು ಬದಲಿಸಿದೆ. ದೀಪವನ್ನು ಅಂದು ಮೊದಲ ಬಾರಿ ಹಾಕಿದೆ.

ಈ ಐದು ವಾರಗಳಲ್ಲಿ ಓದಿದ್ದರಲ್ಲಿ ನನಗೆ ಮರೆಯಲಾಗದವಳು ಲಂಡನ್ನಿನ ಆನಾ ಥಿನ್ ಎಂಬ ಹೆಂಗಸು. 1846ರಲ್ಲಿ ಟಾರ್ಕಿ ಕಡಲತೀರದಿಂದ ಹವಳದ ಜೀವಿಗಳನ್ನು ಜಾಡಿಯಲ್ಲಿ ಮನೆಗೆ ತಂದಳು. ಪಂಪಿಲ್ಲ, ಕರೆಂಟಿಲ್ಲ. ನೀರಿಗೆ ಗಾಳಿ ತಾಗಲೆಂದು ದಿನಾ ತೆರೆದ ಕಿಟಕಿಯ ಮುಂದೆ ಪಾತ್ರೆಯಿಂದ ಪಾತ್ರೆಗೆ ಸುರಿದು ಸುರಿದು ಆಡಿಸಬೇಕಿತ್ತು. ಆ ಕೆಲಸ ಬಹುಪಾಲು ಬಿದ್ದದ್ದು ಮನೆಗೆಲಸದ ಹುಡುಗಿಯ ಮೇಲೆ. 'ಅಕ್ವೇರಿಯಂ' ಎಂಬ ಮಾತನ್ನು ಫಿಲಿಪ್ ಗಾಸ್ ತನ್ನ ಪುಸ್ತಕದ ಮೂಲಕ ಊರಿಗೆಲ್ಲ ಹರಡಿದ್ದು ಇದೆಲ್ಲ ಆದ ಮೇಲೆ, 1854ರಲ್ಲಿ. ಟೀ ಅಂಗಡಿಯವರು ಎತ್ತರದಿಂದ ಚಹಾ ಸುರಿಯುವುದನ್ನು ನೋಡಿದಾಗಲೆಲ್ಲ ಈಗ ನನಗೆ ಆ ಹುಡುಗಿ ನೆನಪಾಗುತ್ತಾಳೆ. ನಮ್ಮಲ್ಲಿ ಕರೆಂಟು ಹೋದ ರಾತ್ರಿ ಬ್ಯಾಟರಿಯ ಗಾಳಿ ಪಂಪು ಇಲ್ಲದಿದ್ದರೆ ಆ ಕೆಲಸ ನಮ್ಮದೇ. ಮೀನಿನ ಜೊತೆ ಫಿಲ್ಟರಿನೊಳಗಿನ ಬ್ಯಾಕ್ಟೀರಿಯಕ್ಕೂ ಉಸಿರು ಕಟ್ಟುತ್ತದೆ. ಆ ಬ್ಯಾಕ್ಟೀರಿಯ ಉಳಿಯಬೇಕಾದರೆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಲೂಬಾರದು. ಕ್ಲೋರಿನ್ ತಾಗಿದರೆ ಐದು ವಾರಗಳ ತಪಸ್ಸು ಒಂದು ನಿಮಿಷದಲ್ಲಿ ಚರಂಡಿಗೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ಮೀನು ಯಾವುದು ಎಂದು ಬಹಳ ಯೋಚಿಸಬೇಕಾಗಲಿಲ್ಲ. ಕಿತ್ತಳೆಯ ಮೇಲೆ ಬಿಳಿ ಪಟ್ಟೆಯ ಕ್ಲೌನ್‌ಫಿಶ್ ಜೋಡಿ. 'ಫೈಂಡಿಂಗ್ ನೆಮೊ' ಬಂದ ಮೇಲೆ ಅದಕ್ಕೆ ಪರಿಚಯ ಬೇಡ. ಅಂಗಡಿಗೆ ಬರುವ ಕಡಲ ಮೀನುಗಳಲ್ಲಿ ಹೆಚ್ಚಿನವು ಸಮುದ್ರದಿಂದ ಹಿಡಿದವು, ದಾರಿಯಲ್ಲೇ ಅರೆಜೀವವಾಗಿರುತ್ತವೆ. ಕ್ಲೌನ್ ಹಾಗಲ್ಲ, ಅದನ್ನು ತೊಟ್ಟಿಯಲ್ಲೇ ಮರಿ ಮಾಡಿಸುತ್ತಾರೆ. ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನು ನಮ್ಮ ದೇಶದಲ್ಲೂ ಮಾಡಿ ತೋರಿಸಿದ್ದಾರೆ. ಹುಟ್ಟಿದ್ದೇ ಗಾಜಿನೊಳಗಾದ್ದರಿಂದ ಹರಳಿನ ಆಹಾರ ತಿನ್ನುತ್ತದೆ, ಸಿನಿಮಾದಲ್ಲಿ ಕಾಣುವ ಆ ಅನಿಮೊನಿಯೂ ಅದಕ್ಕೆ ಬೇಕಿಲ್ಲ. ಎರಡು ಸಣ್ಣವನ್ನು ತಂದು ಬಿಟ್ಟರೆ ಗಂಡು ಹೆಣ್ಣಿನ ಚಿಂತೆಯೂ ಇಲ್ಲ. ಹುಟ್ಟುವಾಗ ಎಲ್ಲವೂ ಗಂಡೇ, ಜೋರಿನದು ಬೆಳೆದು ಹೆಣ್ಣಾಗುತ್ತದೆ. ಇದನ್ನು ಕೇಳಿ ಅಮ್ಮ ಮಾಡಿದ ಟೀಕೆಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಅದೇ ಸಿನಿಮಾದ ನೀಲಿ ಮೀನು ಬೇಕೆಂದು ಎದುರು ಮನೆಯವನು ಹಟ ಹಿಡಿದ. ಅದು ಒಂದಡಿಯವರೆಗೆ ಬೆಳೆಯುತ್ತದೆ, ಎರಡಡಿ ತೊಟ್ಟಿಯಲ್ಲಿ ತಿರುಗಲೂ ಜಾಗವಿಲ್ಲ ಎಂದು ಸ್ಕೇಲು ಹಿಡಿದು ತೋರಿಸಿದ ಮೇಲೆ ಸುಮ್ಮನಾದ.

ಮೀನು ಬಂದ ಮೇಲೆ ನಾನೊಂದು ಎಡವಟ್ಟು ಮಾಡಿದೆ. ದಿನಕ್ಕೆ ಮುಕ್ಕಾಲು ಲೀಟರು ನೀರು ಆವಿಯಾಗುತ್ತದೆ. ಇಳಿದಷ್ಟನ್ನು ಬಕೆಟ್ಟಿನಲ್ಲಿ ಕಲಸಿಟ್ಟಿದ್ದ ಉಪ್ಪುನೀರಿನಿಂದಲೇ ತುಂಬಿಸುತ್ತಾ ಬಂದೆ. ವಾರ ಕಳೆಯುವುದರಲ್ಲಿ ತೊಟ್ಟಿಯ ಅಂಚು, ವೈರು, ಸ್ಟ್ಯಾಂಡಿನ ಮೇಲೆಲ್ಲ ಬಿಳಿ ಹುಡಿ. ಮೀನುಗಳು ಮಂಕಾಗಿ ಮೂಲೆ ಹಿಡಿದವು. ರಿಫ್ರಾಕ್ಟೋಮೀಟರು 38 ತೋರಿಸಿತು. ನಾನು ಉಪಕರಣ ಕೆಟ್ಟಿದೆ ಎಂದುಕೊಂಡು ತಿರುಪು ತಿರುಗಿಸುತ್ತಾ ಕೂತಿದ್ದೆ. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಅಮ್ಮ ಒಳಗಿನಿಂದಲೇ ಕೇಳಿದರು: 'ಆರಿ ಹೋಗೋದು ನೀರು ಮಾತ್ರಾನೋ, ಉಪ್ಪೂನೋ?'

ನೀರು ಮಾತ್ರ ಎಂದೆ.

'ಮತ್ತೆ ಸಾರು ಬತ್ತಿ ಉಪ್ಪಾದ್ರೆ ಬಿಸಿನೀರು ಬೆರೆಸ್ತೀವೋ, ಇನ್ನಷ್ಟು ಉಪ್ಪು ಹಾಕ್ತೀವೋ?'

ಮೂರು ನಾಲ್ಕು ದಿನ ಸ್ವಲ್ಪ ಸ್ವಲ್ಪವಾಗಿ ಬರೀ ನೀರು ಸೇರಿಸಿ 35ಕ್ಕೆ ಇಳಿಸಿದೆ. ಒಮ್ಮೆಗೇ ಇಳಿಸಿದರೆ ಅದೂ ಮೀನಿಗೆ ಪೆಟ್ಟು. ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರುವ ಹಾಗೆ ವೈರುಗಳನ್ನು ಕಟ್ಟಿದೆ, ಉಪ್ಪುನೀರು ಹರಿದು ಬಂದರೂ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಕಪ್ಪು ಟೇಪಿನ ಗೆರೆ ಅಂಟಿಸಿದೆ.

ಆ ಗೆರೆ ಈಗ ಅಮ್ಮನ ಸುಪರ್ದಿ. ಬೆಳಿಗ್ಗೆ ಒಂದು ಚೊಂಬು ಶುದ್ಧ ನೀರು ತಂದು, ಕ್ಲೌನುಗಳು ಬೆದರದ ಹಾಗೆ ಗಾಜಿನ ಬದಿಯಿಂದ ನಿಧಾನಕ್ಕೆ ಹುಯ್ದು, ನೀರು ಟೇಪಿಗೆ ಮುಟ್ಟಿತೆಂದರೆ ನಿಲ್ಲಿಸುತ್ತಾರೆ. ಚೊಂಬಿನಲ್ಲಿ ಉಳಿದದ್ದು ತುಳಸಿಗೆ.